ಕೇಳಿದ ಮಾತಿನ ಕುರ್ಚಿ

ಗುಬ್ಬಿಯನ್ನು ಮಂಚದ ಮೇಲೆ ಮಲಗಿಸಿದವರು ಶಾಲೆಯ ದಾದಿ ಸಿಸ್ಟರಮ್ಮನೇ. ದಿಂಬು ಸರಿಮಾಡಿ, ಇಸ್ತ್ರಿಯ ಗೆರೆ ಇನ್ನೂ ಅಳಿಯದ ಬಿಳಿ ಹೊದಿಕೆಯನ್ನು ಕತ್ತಿನ ತನಕ ಎಳೆದು, ಕಿಟಕಿಯ ಪರದೆ ಮುಚ್ಚಿ, ಹಣೆ ಸವರಿದವರೂ ಅವರೇ. ಹಣೆ ತಣ್ಣಗಿತ್ತು. ಜ್ವರವಿಲ್ಲ ಎಂದು ಅಷ್ಟಕ್ಕೇ ಸಮಾಧಾನಪಟ್ಟುಕೊಂಡರು.

“ರಾತ್ರಿಯೆಲ್ಲ ಓದ್ತಾ ಕೂತಿದ್ಯೇನೇ?”

“ಹ್ಞೂಂ.”

“ಬೆಳಿಗ್ಗೆ ಏನಾದ್ರೂ ತಿಂದ್ಯಾ?”

“ಹ್ಞೂಂ.”

“ಎಲ್ಲಕ್ಕೂ ಹ್ಞೂಂ. ಮಲ್ಕೋ ಕಂದಾ. ಪರೀಕ್ಷೆ ಬರತ್ತೆ ಹೋಗತ್ತೆ, ದೇವರು ಎಲ್ಲೂ ಹೋಗಲ್ಲ.”

ಗುಬ್ಬಿ ಎಂಟನೇ ತರಗತಿಯ ಹುಡುಗಿ. ಮೈಯಲ್ಲಿ ಹಿಡಿಯಷ್ಟೂ ಮಾಂಸವಿಲ್ಲ, ಆದ್ದರಿಂದಲೇ ಆ ಹೆಸರು. ತಾಯಿ ಹೊಲಿಗೆಯವಳು, ಮಗಳ ಸಮವಸ್ತ್ರದ ಅಂಚನ್ನು ವರ್ಷಕ್ಕೊಮ್ಮೆ ಬಿಚ್ಚಿ ಉದ್ದ ಮಾಡುತ್ತಿದ್ದುದು ಬಟ್ಟೆಯ ಮೇಲಿನ ಮಾಸಿದ ಗೆರೆಗಳಿಂದಲೇ ತಿಳಿಯುತ್ತಿತ್ತು. ಇನ್ನೆಂದಾದರೂ ಆಗಿದ್ದರೆ ಸಿಸ್ಟರಮ್ಮ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿರುತ್ತಿದ್ದರು, ಎರಡು ಮಾತು ಹೆಚ್ಚಿಗೆ ಕೇಳುತ್ತಿದ್ದರು. ಆದರೆ ಅಂದು ಅವರಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಸಭಾಂಗಣದಲ್ಲಿ ಬೆಂಚು ಜೋಡಿಸುವ ಸದ್ದು ಕೇಳುತ್ತಿತ್ತು. ಅವರ ಕೂಟವನ್ನು ನೋಡಲು ದೊಡ್ಡವರೆಲ್ಲ ಬರುವ ದಿನ ಅದು.

ಆ ಕೂಟ ಹುಟ್ಟಿದ ಬಗೆಯನ್ನು ಹೇಳಲೇಬೇಕು. ಹಿಂದೆ ಶಾಲೆಗೆ ಪೊಲೀಸರು ಬಂದು ಭಾಷಣ ಮಾಡಿ ಹೋಗಿದ್ದರು. ಡಾಕ್ಟರು ಬಂದು ಕರಿ ಹಿಡಿದ ಶ್ವಾಸಕೋಶದ ಚಿತ್ರ ತೋರಿಸಿದ್ದರು. ಮಕ್ಕಳು ಕಣ್ಣರಳಿಸಿ ನೋಡಿ, ಅದೇ ಸಂಜೆ ಸೈಕಲ್ ನಿಲ್ಲಿಸುವ ಮಾಡಿನ ಹಿಂದೆ ಹೊಗೆ ಬಿಟ್ಟಿದ್ದರು. ಸಿಕ್ಕಿಬಿದ್ದವರಲ್ಲೊಬ್ಬ ಹತ್ತನೇ ತರಗತಿಯ ಲೌಡ್‌ಸ್ಪೀಕರ್. ಅವನು ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳಿಸುತ್ತಿತ್ತು. “ಬೇಜಾರು ಮಾಡ್ಕೋಬೇಡಿ ಸಿಸ್ಟರಮ್ಮ. ದೊಡ್ಡೋರು ಹೇಳಿದ್ರೆ ಅದು ಪಾಠ ಆಗ್ಬಿಡತ್ತೆ. ಪಾಠ ಅಂದ್ರೆ ನಮಗೆ ಆಗ್ಲೇ ಆಕಳಿಕೆ” ಎಂದಿದ್ದ. ಎಲ್ಲರೂ ಬೈದರು, ಸಿಸ್ಟರಮ್ಮ ಮಾತ್ರ ಆ ಮಾತನ್ನು ಮನೆಗೆ ಕಟ್ಟಿಕೊಂಡು ಹೋದರು.

ದೊಡ್ಡ ತರಗತಿಯ ಮಕ್ಕಳೇ ಚಿಕ್ಕವರನ್ನು ಕೂರಿಸಿಕೊಂಡು ಮಾತಾಡುವ ಕೂಟ ಹೀಗೆ ಶುರುವಾಯಿತು. ಚಿತ್ರಕಲೆಯ ಕೋಣೆ, ಮುಚ್ಚಿದ ಬಾಗಿಲು. ದೊಡ್ಡವರು ಹೊಸಿಲು ದಾಟಕೂಡದು. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಸಿಸ್ಟರಮ್ಮ ಕೂಡ ದೊಡ್ಡ ಮಕ್ಕಳಿಗೆ ತಯಾರಿ ಕೊಟ್ಟು ಬಾಗಿಲಾಚೆಯೇ ನಿಲ್ಲುತ್ತಿದ್ದರು. ಒಳಗೆ ಹೆಡ್ ಮೇಡಂ ಬಿಸಾಡಿದ ಹಳೆಯ ತಿರುಗುವ ಕುರ್ಚಿಯೊಂದಿತ್ತು. ಸೀಟು ಹರಿದಿದ್ದ ಅದು, ತಿರುಗಿದರೆ ಕೊಂಯ್ ಎನ್ನುತ್ತಿತ್ತು. ಅದರಲ್ಲಿ ಕೂತವರು ಎದುರಿನವರನ್ನು ಸೆಳೆಯಬೇಕು: ಒಂದು ದಮ್ಮು ಎಳಿ, ಒಂದು ಗುಟುಕು ಕುಡಿ, ಬೈಕು ಹತ್ತು, ಹೆಲ್ಮೆಟ್ ಯಾಕೆ. ಎದುರಿನವರು ಬೇಡ ಅನ್ನುವುದನ್ನು ಅಭ್ಯಾಸ ಮಾಡಬೇಕು. ಮೊದಮೊದಲು ಹುಡುಗರು ಸಿನಿಮಾ ಖಳನಾಯಕರ ಹಾಗೆ ಹುಬ್ಬು ಹಾರಿಸಿ ಡೈಲಾಗು ಹೊಡೆಯುತ್ತಿದ್ದರು. ಅದಕ್ಕೆ ಬೇಡ ಅನ್ನುವುದು ಯಾರಿಗೆ ಕಷ್ಟ? ಆಗ ಸಿಸ್ಟರಮ್ಮ ಒಂದು ಕಟ್ಟುಪಾಡು ತಂದರು. ಕುರ್ಚಿಯಲ್ಲಿ ಕೂತವರು ಕಟ್ಟಿದ ಮಾತು ಆಡಬಾರದು; ನಿಜವಾಗಿ ಕೇಳಿದ ಮಾತನ್ನೇ ಆಡಬೇಕು. ಅಂದಿನಿಂದ ಕೋಣೆಯ ನಗು ನಿಂತಿತು, ಕೂಟಕ್ಕೆ ಜೀವ ಬಂತು.

ಕೂಟದ ಮುಂದಾಳು ಅವರ ತಮ್ಮನ ಮಗಳು. ತಾಯಿಯಿಲ್ಲದ ಕೂಸು, ತಮ್ಮ ಲಾರಿ ಹತ್ತಿ ಊರೂರು ಸುತ್ತುವವನಾದ್ದರಿಂದ ಅತ್ತೆಯ ಮನೆಯಲ್ಲೇ ಬೆಳೆದವಳು. ತೊಟ್ಟಿಲಲ್ಲಿದ್ದಾಗಲೇ ದೊಡ್ಡವಳಂತೆ ನೋಡುತ್ತಿದ್ದಳಂತೆ, ಹಾಗಾಗಿ ಎಲ್ಲರಿಗೂ ಅಕ್ಕಯ್ಯ. ಚಿಕ್ಕ ಮಕ್ಕಳು ಅವಳ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಇರುತ್ತಿದ್ದರು. ಸಿಸ್ಟರಮ್ಮ ದಿನವೂ ಪ್ರಾರ್ಥನೆಯ ಕೊನೆಗೆ, “ನನ್ನ ಹೊಟ್ಟೇಲಿ ಹುಟ್ಟಿಸಲಿಲ್ಲ, ಆದ್ರೂ ಕೈಗೆ ಕೊಟ್ಯಲ್ಲ, ಅಷ್ಟು ಸಾಕು” ಎಂದು ಅವಳ ಹೆಸರಿನಲ್ಲಿ ಕೈ ಮುಗಿಯುತ್ತಿದ್ದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಡ್ ಮೇಡಂ, ಅವರ ಪಕ್ಕ ಊರಿನ ಆಸ್ಪತ್ರೆಯ ಡಾಕ್ಟರು, ಹಿಂದೆ ತಾಯಿತಂದೆಯರು. ವೇದಿಕೆಯ ನಡುವೆ ಆ ಹರಕು ಕುರ್ಚಿ, ಸುತ್ತ ನೆಲದ ಮೇಲೆ ಮಕ್ಕಳು. ಗುಬ್ಬಿಯ ಜಾಗ ಖಾಲಿಯಿತ್ತು.

ಅಕ್ಕಯ್ಯ ಅತ್ತ ನೋಡಿ, “ಗುಬ್ಬಿ ಎಲ್ಲೋ?” ಎಂದು ಮೆಲ್ಲಗೆ ಕೇಳಿದಳು.

ಲೌಡ್‌ಸ್ಪೀಕರ್‌ಗೆ ಮೆಲ್ಲಗೆ ಅನ್ನುವುದೇ ಗೊತ್ತಿಲ್ಲ. “ಸಿಸ್ಟರಮ್ಮನ ರೂಮಲ್ಲಿ ಗೊರಕೆ ಹೊಡೀತಿದಾಳೆ. ಮೊದಲ್ನೇ ಪೀರಿಯಡ್‌ನಿಂದ ತೂಕಡಿಕೆ. ಎಬ್ಬಿಸಿದ್ರೂ ಏಳ್ತಿರಲಿಲ್ಲ.”

ಸಭೆಯಲ್ಲಿ ನಾಲ್ಕಾರು ಜನ ನಕ್ಕರು. ಅಕ್ಕಯ್ಯನ ಮುಖ ಸುಣ್ಣವಾಯಿತು. ಗೋಡೆಗೊರಗಿ ನಿಂತಿದ್ದ ಸಿಸ್ಟರಮ್ಮ ಅದನ್ನು ಕಂಡರು; ಸಭೆಯ ಅಂಜಿಕೆ ಎಂದುಕೊಂಡರು. ಹುಡುಗಿ ಎರಡು ಹೆಜ್ಜೆ ಮೆಟ್ಟಿಲ ಕಡೆ ಇಟ್ಟಳು. “ಕೂತ್ಕೋಮ್ಮಾ, ಶುರು ಮಾಡು” ಎಂದರು ಹೆಡ್ ಮೇಡಂ. ಅವಳು ನಿಂತಳು, ತಿರುಗಿದಳು, ಕುರ್ಚಿಯಲ್ಲಿ ಕುಸಿದಳು. ಕೊಂಯ್ ಎಂದಿತು.

ತಯಾರಿ ಮಾಡಿದ್ದು ಸಿಗರೇಟಿನ ಮಾತು. ಎದುರಿಗೆ ಕೂತ ಲೌಡ್‌ಸ್ಪೀಕರ್ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಕ್ಕಯ್ಯ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಾಗ ಬಂದ ಮಾತು ಬೇರೆಯೇ ಆಗಿತ್ತು.

“ಅಳ್ಬೇಡ ಕಣೇ. ಇದು ಸಿಗರೇಟಲ್ಲ, ಕುಡಿಯೋದಲ್ಲ. ಔಷಧಿ. ಕೆಟ್ಟದ್ದಾಗಿದ್ರೆ ಡಾಕ್ಟ್ರು ಯಾಕೆ ಕೊಡ್ತಿದ್ರು? ಅರ್ಧ ಮುರಿದು ಕೊಡ್ತೀನಿ. ಎದೆ ಹೊಡ್ಕೊಳ್ಳೋದು ನಿಂತುಹೋಗತ್ತೆ. ಬಾಯಿ ತೆಗಿ. ಕಣ್ಣು ಮುಚ್ಕೋ. ನಾನಿದೀನಲ್ಲ. ನುಂಗಿ ಸುಮ್ನೆ ತೇಲ್ಕೊಂಡು ಹೋಗು, ದಡ ನಾನು ನೋಡ್ಕೋತೀನಿ.”

ಲೌಡ್‌ಸ್ಪೀಕರ್‌ನ ಬಾಯಿಪಾಠ ಕೆಲಸಕ್ಕೆ ಬರಲಿಲ್ಲ. ಸುತ್ತ ಕೂತ ಮಕ್ಕಳು ನೆಲ ನೋಡಿದರು. ಈ ಮಾತಿಗೆ ಬೇಡ ಅನ್ನುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಸಭೆಯಲ್ಲಿ ಚಪ್ಪಾಳೆಯ ಸುರಿಮಳೆಯಾಯಿತು. “ಎಂಥಾ ಅಭಿನಯ” ಎಂದರು ಯಾರೋ. ಡಾಕ್ಟರೂ ತಲೆದೂಗಿ ಚಪ್ಪಾಳೆ ತಟ್ಟಿದರು.

ಸಿಸ್ಟರಮ್ಮನ ಕೈಗಳು ಮಾತ್ರ ಮೇಲೇಳಲಿಲ್ಲ. ಸುಮ್ಮನೆ ತೇಲಿಕೊಂಡು ಹೋಗಿ, ದಡ ನಾನು ನೋಡಿಕೊಳ್ಳುತ್ತೇನೆ. ಈ ಮಾತು ಪ್ರಪಂಚದಲ್ಲಿ ಹುಟ್ಟಿದ್ದು ಒಂದೇ ಒಂದು ಕೋಣೆಯಲ್ಲಿ. ಕೇಳಿಸಿಕೊಂಡದ್ದು ಒಬ್ಬನೇ ಒಬ್ಬ ಮನುಷ್ಯ. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಎಲುಬಿನೊಳಗೆ ಹೊಕ್ಕ ರೋಗದ ನೋವು ತಡೆಯಲಾರದೆ ಗಂಡ ಹಲ್ಲು ಕಚ್ಚುತ್ತಿದ್ದಾಗ, ಎಲೆಹಸಿರು ಬಣ್ಣದ ಮಾತ್ರೆಯನ್ನು ಅವರ ನಾಲಿಗೆಯ ಮೇಲಿಟ್ಟು ಸಿಸ್ಟರಮ್ಮ ಆಡುತ್ತಿದ್ದ ಮಾತು ಅದು.

ಆ ಮಾತ್ರೆ ಉಳಿದಿತ್ತು. ಅವರ ಜೀವಕ್ಕಿಂತ ಮಾತ್ರೆಯೇ ಹೆಚ್ಚಿಗಿತ್ತು. ಆಸ್ಪತ್ರೆಗೆ ವಾಪಸು ಕೊಡಬೇಕೆಂಬುದನ್ನು ದಾದಿಯಾದವರಿಗೆ ಯಾರೂ ಹೇಳಬೇಕಾಗಿಲ್ಲ. ನಾಳೆ ಕೊಟ್ಟರಾಯಿತು ಎಂದುಕೊಳ್ಳುತ್ತಲೇ ದಿನ ಕಳೆದವು. ಮಾತ್ರೆಯ ಪಟ್ಟಿಗಳ ಮೇಲೆ ಗಂಡನ ಬೆರಳು ಒತ್ತಿದ ಗುರುತುಗಳಿದ್ದವು. ಕೊಟ್ಟುಬಿಟ್ಟರೆ ಅವರ ಕೊನೆಯ ದಿನಗಳನ್ನೇ ಕೊಟ್ಟುಬಿಟ್ಟಂತೆ ಅನ್ನಿಸುತ್ತಿತ್ತು. ಮನೆಯಲ್ಲಿ ಇಡಲು ಹೆದರಿಕೆ, ವಯಸ್ಸಿಗೆ ಬಂದ ಹುಡುಗಿ ಇದ್ದಾಳೆ. ಹಾಗೆಂದು ಶಾಲೆಗೆ ತಂದು, ಬೀಗವಿರುವ ಬೀರುವಿನಲ್ಲಿ, ಹತ್ತಿಯ ಸುರುಳಿಗಳ ಹಿಂದೆ ಡಬ್ಬಿಯಲ್ಲಿಟ್ಟಿದ್ದರು. ಬೀಗದ ಕೈ ಮಾತ್ರ ದಿನವೂ ಮನೆಗೆ ಬಂದು ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಕ್ಕಯ್ಯ ಕುರ್ಚಿಯಲ್ಲಿ ಕೂತೇ ಅತ್ತೆಯನ್ನು ನೋಡುತ್ತಿದ್ದಳು. ತುಟಿ ಅಲುಗಿತು, ದನಿ ಬರಲಿಲ್ಲ. ಆದರೂ ಸಿಸ್ಟರಮ್ಮನಿಗೆ ಕೇಳಿಸಿತು.

ಗುಬ್ಬಿ.

ಸಿಸ್ಟರಮ್ಮ ಓಡಿದ್ದನ್ನು ಆ ಶಾಲೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಬೆಂಚಿಗೆ ಮೊಣಕಾಲು ಬಡಿಯಿತು, ಚಪ್ಪಲಿ ಎಲ್ಲೋ ಬಿತ್ತು. ಕೋಣೆಯ ಪರದೆ ತಾವು ಮುಚ್ಚಿದಂತೆಯೇ ಇತ್ತು. ಬಿಳಿ ಹೊದಿಕೆಯ ಗೆರೆಗಳೂ ಕದಲಿರಲಿಲ್ಲ. ಮಲಗಿದ ಮಗು ಒಮ್ಮೆಯಾದರೂ ಮಗ್ಗುಲಾಗುತ್ತದೆ.

“ಗುಬ್ಬೀ. ಏ ಗುಬ್ಬೀ. ಎದ್ದೇಳೇ, ನನ್ನಮ್ಮಾ.”

ತುಟಿ ನೇರಳೆಗಟ್ಟಿತ್ತು. ರೆಪ್ಪೆ ಎತ್ತಿ ನೋಡಿದರು: ಕಣ್ಣಪಾಪೆ ಸೂಜಿಮೊನೆಯಷ್ಟಾಗಿತ್ತು, ಆ ಮಾತ್ರೆಯದೇ ಗುರುತು. ಬೆಳಿಗ್ಗೆ ಒಮ್ಮೆ, ಒಂದೇ ಒಮ್ಮೆ ಈ ರೆಪ್ಪೆಯನ್ನು ಎತ್ತಿ ನೋಡಿದ್ದರೆ ಸಾಕಿತ್ತು. ಎದೆ ಎದ್ದಿತು, ಇಳಿಯಿತು, ಮತ್ತೆ ಏಳುವುದನ್ನೇ ಮರೆತಂತೆ ನಿಂತಿತು. ಅವರು ಗದ್ದ ಎತ್ತಿಹಿಡಿದು ಕೂಗಿದರು. ಆ ಕೂಗಿಗೆ ಡಾಕ್ಟರು, ಹೆಡ್ ಮೇಡಂ, ಅವರ ಹಿಂದೆ ಗುಬ್ಬಿಯ ತಾಯಿ ಎಲ್ಲರೂ ಬಾಗಿಲಿಗೆ ಬಂದರು.

ಡಾಕ್ಟರು ಮಣಿಕಟ್ಟು ಹಿಡಿದು, ತಲೆಯೆತ್ತದೆಯೇ ಕೇಳಿದರು. “ಏನು ತಗೊಂಡಿದಾಳೆ? ಬೇಗ ಹೇಳಿ. ಏನು ಅಂತ ಗೊತ್ತಾದ್ರೆ ಆಸ್ಪತ್ರೇಲಿ ಅದಕ್ಕೆ ಇಂಜೆಕ್ಷನ್ ರೆಡಿ ಇಡಿಸ್ತೀನಿ.”

“ನನ್ನ ಮಗಳು ಏನೂ ತಗೊಳ್ಳೋಳಲ್ಲ” ಎಂದಳು ತಾಯಿ. “ತಲೆನೋವಿಗೂ ತಗೊಳ್ಳಲ್ಲ.”

ಕೋಣೆಯಲ್ಲಿ ಎಲ್ಲರ ಕಣ್ಣೂ ದಾದಿಯ ಮೇಲಿತ್ತು. ಮಾತು ಹೊರಬಿದ್ದರೆ ಈ ಕೋಣೆ ತಮ್ಮದಲ್ಲ, ಈ ಬಿಳಿಯ ಉಡುಪು ತಮ್ಮದಲ್ಲ, ಕೂಟವೂ ಉಳಿಯುವುದಿಲ್ಲ. ಇದೆಲ್ಲ ಒಂದೇ ಉಸಿರಿಗೆ ಹಾದುಹೋಯಿತು. ಅಷ್ಟರಲ್ಲಿ ಗುಬ್ಬಿಯ ಉಸಿರು ಇನ್ನೊಮ್ಮೆ ತಡೆಯಿತು.

“ನಮ್ಮ ಯಜಮಾನರದ್ದು ಡಾಕ್ಟ್ರೇ. ಆ ಹಸಿರು ಮಾತ್ರೆ. ನೀವೇ ಬರ್ಕೊಟ್ಟಿದ್ದು. ನಾನು ವಾಪಸ್ ಕೊಡ್ಲಿಲ್ಲ. ಇಲ್ಲೇ ಬೀರುವಿನಲ್ಲಿಟ್ಟಿದ್ದೆ.”

ಡಾಕ್ಟರು ಈಗ ತಲೆಯೆತ್ತಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು; ಅವರು ಕೇವಲ ನೋಡಿದರು.

“ಎಷ್ಟು ತಗೊಂಡಿದಾಳೆ?”

“ಅದು ನನಗೆ...”

“ನನ್ನ ಬ್ಯಾಗಲ್ಲಿ ಒಂದು ಪಟ್ಟಿ ಇತ್ತು.” ಬಾಗಿಲಲ್ಲಿ ಅಕ್ಕಯ್ಯ ನಿಂತಿದ್ದಳು. “ಅರ್ಧ ಪಟ್ಟಿ. ನಿನ್ನೆ ಕೇಳಿದ್ಲು, ಸಾಕು ಇನ್ಮೇಲೆ ಬೇಡ ಅಂದೆ. ಬೆಳಿಗ್ಗೆ ಅವಳೇ ತಗೊಂಡಿದಾಳೆ. ಈಗ ನೋಡ್ದೆ, ಬ್ಯಾಗಲ್ಲಿ ಇಲ್ಲ. ಒಂದೂ ಉಳಿದಿಲ್ಲ ಡಾಕ್ಟ್ರೇ.”

ನನ್ನ ಬ್ಯಾಗಲ್ಲಿ. ಆ ಮಾತು ಸಿಸ್ಟರಮ್ಮನ ಕಿವಿಗೆ ಬಿತ್ತು, ಅರ್ಥ ಒಳಕ್ಕಿಳಿಯಲಿಲ್ಲ. ಯಾವನೋ ಬೀದಿಯ ಪುಂಡ, ಯಾರೋ ಕೆಟ್ಟ ಹುಡುಗ ಬೀಗ ಮುರಿದಿರಬೇಕು ಎಂದೇ ಓಡುತ್ತ ಓಡುತ್ತ ಅವರ ಮನಸ್ಸು ಲೆಕ್ಕ ಹಾಕಿತ್ತು. ಮನೆಯ ಮಗುವಿಗೆ ಬಾಗಿಲು ಹಾಕಿ, ಅದೇ ಮಗುವಿನ ಎದುರು ಬೀಗದ ಕೈ ನೇತುಹಾಕಿದ್ದೆ ಎಂಬುದು ಹೊಳೆಯುವ ಹೊತ್ತಿಗೆ ಶಾಲೆಯ ವ್ಯಾನು ಗೇಟು ದಾಟಿತ್ತು.

ವ್ಯಾನಿನಲ್ಲಿ ಗುಬ್ಬಿಯ ತಲೆ ಸಿಸ್ಟರಮ್ಮನ ತೊಡೆಯ ಮೇಲಿತ್ತು. ಉಸಿರು ನಿಂತಾಗಲೆಲ್ಲ ಡಾಕ್ಟರು ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜುತ್ತಿದ್ದರು. ಇವರು ಗದ್ದ ಎತ್ತಿ ಹಿಡಿದಿದ್ದರು. ಇಷ್ಟು ವರ್ಷ ನಿಂತಲ್ಲಿ ಕೂತಲ್ಲಿ ದೇವರನ್ನು ಕರೆದ ಬಾಯಿ ಅದು. ಅಂದು ಪ್ರಾರ್ಥನೆಯೇ ಬರಲಿಲ್ಲ. ದೇವರ ಹೆಸರು ಬರಬೇಕಾದ ಕಡೆ ಆ ಮಾತ್ರೆಯ ಹೆಸರೇ ಮತ್ತೆ ಮತ್ತೆ ಬರುತ್ತಿತ್ತು.

ಇಂಜೆಕ್ಷನ್ ಕೆಲಸ ಮಾಡಿತು. ಗುಬ್ಬಿ ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣುಬಿಟ್ಟು, “ಗಣಿತದ ಪರೀಕ್ಷೆ ಮುಗೀತಾ?” ಎಂದು ಕೇಳಿದಾಗ ತಾಯಿ ಮಂಚದ ಕಾಲು ಹಿಡಿದು ನೆಲಕ್ಕೆ ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಸಿಸ್ಟರಮ್ಮ ಎದ್ದು ನಿಂತು ಕೈ ಜೋಡಿಸಿದರು. ತಾಯಿ ಬೈಯಲಿಲ್ಲ. ಮಗಳ ಜೊತೆ ಶಾಲೆಯಿಂದ ಬಂದಿದ್ದ ಆ ಬಿಳಿ ಹೊದಿಕೆ ಅವಳ ಕೈಯಲ್ಲಿತ್ತು. ಅಂಚಿಗೆ ಅಂಚು ಕೂಡಿಸಿ, ಹೊಲಿಗೆಯವರು ಮಡಿಸುವ ಹಾಗೆ ನೀಟಾಗಿ ಮಡಿಸಿ, ಅವರ ಕೈಗಿತ್ತು, “ನಿಮ್ಮದು” ಎಂದಳು. ಅಷ್ಟೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಂಚಿನ ತುದಿಯಲ್ಲಿ ಅಕ್ಕಯ್ಯ ಕೂತಿದ್ದಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಸಿಸ್ಟರಮ್ಮ ಕೇಳಿದರು. “ಕುರ್ಚೀಲಿ ಕೂತು ಆಡಿದ್ಯಲ್ಲ, ಆ ಮಾತು. ಕೇಳಿದ ಮಾತೇ ಆಗ್ಬೇಕಲ್ವಾ. ಯಾರ ಬಾಯಿಂದ ಕೇಳಿದ್ದು?”

“ನನ್ನ ಬಾಯಿಂದಾನೇ ಅತ್ತೆ. ಗುಬ್ಬಿಗೆ ಹೇಳ್ತಿದ್ನಲ್ಲ.” ಹುಡುಗಿ ಉಗುರು ನೋಡಿಕೊಂಡಳು. “ಅದಕ್ಕೆ ಮುಂಚೆ ನಿಮ್ಮ ಬಾಯಿಂದ. ಗೋಡೆ ಆಚೆ ನಾನು ಮಲಗ್ತಿದ್ನಲ್ಲ. ಮಾವ ನರಳೋದು ಕೇಳಿಸ್ತಿತ್ತು. ಆಮೇಲೆ ನೀವು ಹಾಗೆ ಹೇಳೋದು. ಆಮೇಲೆ ಮಾವ ಸುಮ್ಮನಾಗೋದು. ನಾನೂ ಆವಾಗ್ಲೇ ನಿದ್ದೆ ಮಾಡ್ತಿದ್ದೆ.”

ಸಿಸ್ಟರಮ್ಮನಿಗೆ ಆ ಗೋಡೆ ನೆನಪಾಯಿತು. ಇತ್ತ ಒಬ್ಬರನ್ನು ಮಲಗಿಸಿ ದೇವರಿಗೆ ಕೈ ಮುಗಿಯುತ್ತಿದ್ದಾಗ, ಅತ್ತ ಕಣ್ಣುಬಿಟ್ಟುಕೊಂಡು ಬಿದ್ದಿದ್ದ ಮಗು ಅವರ ಮನಸ್ಸಿಗೆ ಒಮ್ಮೆಯೂ ಬಂದಿರಲಿಲ್ಲ.

“ನೀನೂ ತಗೊಂಡ್ಯಾ?”

“ಮಾವ ಹೋದ್ಮೇಲೆ. ಸ್ವಲ್ಪ ದಿನ. ನಾನಾಗೇ ಬಿಟ್ಟೆ.” ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. “ಗುಬ್ಬಿ ಕೂಟದಲ್ಲಿ ದಿನಾ ಅಳೋಳು ಅತ್ತೆ. ಪರೀಕ್ಷೆ ಅಂದ್ರೆ ಅವಳಿಗೆ ಉಸಿರೇ ಸಿಕ್ಕಿಕೊಳ್ಳೋದು. ಬುದ್ಧಿ ಹೇಳ್ಬೇಡಿ, ಕೇಳಿ ಅಂದ್ರಿ ನೀವು. ಕೇಳಿದೆ. ಕೇಳಿದ್ಮೇಲೂ ಅಳ್ತಾನೇ ಇದ್ರೆ ಏನು ಮಾಡ್ಬೇಕು ಅಂತ ನೀವು ಹೇಳ್ಕೊಡ್ಲೇ ಇಲ್ಲ. ಹೊರಗೆ ಹೇಳೋ ಹಾಗಿಲ್ಲ. ಅಕ್ಕಯ್ಯಾ ಏನಾದ್ರೂ ಮಾಡು ಅಂತಿದ್ಲು. ನನಗೆ ಗೊತ್ತಿದ್ದದ್ದು ಅದೊಂದೇ.”

ನಡುವಿನ ಜಾಗವನ್ನು ಸಿಸ್ಟರಮ್ಮ ಸರಿದು ತುಂಬಿದರು. ತಬ್ಬಿಕೊಳ್ಳಲು ಕೈ ಏಳಲಿಲ್ಲ. ಮಡಿಸಿದ ಹೊದಿಕೆಯ ಅರ್ಧವನ್ನು ಬಿಚ್ಚಿ ಅವಳ ಮೊಣಕಾಲ ಮೇಲೆ ಹಾಕಿದರು.

ಹೆಡ್ ಮೇಡಂ ಬೀರುವಿನ ಬೀಗದ ಕೈ ಕೇಳಿ ಪಡೆದರು. ಕೆಲಸದಿಂದ ನಿಲ್ಲಿಸಲಾಗಿದೆ, ವಿಚಾರಣೆ ಆಗುತ್ತದೆ, ಅಕ್ಕಯ್ಯನ ವಿಚಾರವೂ ಅದರೊಳಗೇ ಬರುತ್ತದೆ ಎಂದರು. ಉಳಿದ ಮಾತ್ರೆಗಳು ಡಾಕ್ಟರ ಕೈ ಸೇರಿದವು. ಕೂಟ ಮುಚ್ಚಿತು ಎಂದೂ ಹೇಳಿದರು. ಕೊನೆಯದೊಂದು ಸಲ ಮಕ್ಕಳ ಜೊತೆ ಕೂರಲು ಬಿಡಿ ಎಂದು ಸಿಸ್ಟರಮ್ಮ ಬೇಡಿಕೊಂಡಾಗ ಹೆಡ್ ಮೇಡಂ ಕಿಟಕಿಯಾಚೆ ನೋಡುತ್ತಲೇ “ಹೋಗಿ” ಎಂದರು.

ಬಿಳಿಯ ಉಡುಪಿಲ್ಲದೆ ಬಂದ ಅವರನ್ನು ಮಕ್ಕಳು ಮೊದಲು ಗುರುತಿಸಲೇ ಇಲ್ಲ. ಚಿತ್ರಕಲೆಯ ಕೋಣೆಯ ಹೊಸಿಲ ಬಳಿ ಕಾಲು ತಾನಾಗಿ ನಿಂತಿತು. ಆಮೇಲೆ ದಾಟಿದರು; ಹಿಂದೆ ಯಾರೋ ರೂಢಿಯಂತೆ ಅಗಳಿ ಹಾಕಿದರು. ಅಕ್ಕಯ್ಯ ಮುಂದಾಳಿನ ಜಾಗದಲ್ಲಿರಲಿಲ್ಲ. ಚಿಕ್ಕವರ ನಡುವೆ ಕೂತಿದ್ದಳು. ಗುಬ್ಬಿಯ ಜಾಗಕ್ಕೆ ಯಾರೂ ಸರಿದಿರಲಿಲ್ಲ. ಸಿಸ್ಟರಮ್ಮ ಕುರ್ಚಿಯಲ್ಲಿ ಕೂತರು. ಕೊಂಯ್ ಎಂದಿತು. ಯಾರೂ ನಗಲಿಲ್ಲ.

“ಕೇಳಿದ ಮಾತೇ ಆಡ್ತೀನಿ” ಎಂದರು. ಕಣ್ಣು ಮುಚ್ಚಿದರು. “ಇರ್ಲಿ ಬಿಡು. ಇವತ್ತೇ ಯಾಕೆ ಕೊಡ್ಬೇಕು? ಅವರ ಕೈ ಮುಟ್ಟಿದ್ದು. ಬೀಗ ಇದ್ಯಲ್ಲ, ನೀನು ಹುಷಾರಿನೋಳಲ್ವಾ, ಬೇರೆಯೋರ ಥರ ಅಲ್ವಲ್ಲ. ಯಾರಿಗೂ ಹೇಳ್ಬೇಡ. ಇಟ್ಕೋ.”

ಕಣ್ಣು ಬಿಟ್ಟು ಮಕ್ಕಳ ಕಡೆ ನೋಡಿದರು.

“ಈ ಮಾತು ನನಗೆ ಹೇಳ್ತಿದ್ದೋಳು ನಾನೇ. ನೀವು ಏನಾದ್ರೂ ಉತ್ತರ ಕೊಡಿ ಮಕ್ಕಳೇ.”

ಲೌಡ್‌ಸ್ಪೀಕರ್ ಬಾಯಿ ತೆರೆದ. ಹುಟ್ಟಿದಾಗಿನಿಂದ ಅವನ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದಿರಲಿಕ್ಕಿಲ್ಲ. “ಸಿಸ್ಟರಮ್ಮ, ನಮಗೆಲ್ಲ ಗೊತ್ತಿತ್ತು.”

“ಏನು?”

“ಗುಬ್ಬಿ ಮಾತ್ರೆ ತಗೊಳ್ಳೋದು. ಇಲ್ಲೇ ಕೂತು ತಗೋತಿದ್ಲು. ಅವತ್ತು ಅವಳು ತೂಕಡಿಸುವಾಗ್ಲೂ ನನಗೆ ಗೊತ್ತಿತ್ತು. ತಮಾಷೆ ಮಾಡ್ದೆ.” ಅವನು ಮೂಗು ಒರೆಸಿಕೊಂಡ. “ಇಲ್ಲಿ ಆಡಿದ್ದು ಇಲ್ಲೇ ಅಂತ ನೀವೇ ಹೇಳಿದ್ರಲ್ಲ.”

ಸಿಸ್ಟರಮ್ಮ ಒಂದೊಂದೇ ಮುಖ ನೋಡುತ್ತ ಹೋದರು. ಒಂದು ಕತ್ತೂ ಅಲ್ಲಗಳೆಯಲಿಲ್ಲ. ಇಷ್ಟು ಪುಟ್ಟ ಪುಟ್ಟ ಮಕ್ಕಳು, ತಾವು ಹಾಕಿಕೊಟ್ಟ ಗೆರೆಯನ್ನು ಎಷ್ಟು ನಿಷ್ಠೆಯಿಂದ ಕಾಪಾಡಿದ್ದರು. ಒಂದು ಜೀವ ಅವರ ಕಣ್ಣೆದುರಲ್ಲೇ ಜಾರುತ್ತಿದ್ದರೂ ಗೆರೆ ಮಾತ್ರ ಅಳಿಸಿರಲಿಲ್ಲ. ಅವರು ಕುರ್ಚಿಯ ಹರಿದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಸ್ಪತ್ರೆಯಲ್ಲೂ ಬಾರದ ಅಳು ಈಗ ಬಂತು.

“ಅತ್ತೆ” ಎಂದಳು ಅಕ್ಕಯ್ಯ. “ಉತ್ತರ ಕೇಳಿದ್ರಲ್ಲ. ಬೇಡ ಅನ್ನೋದಲ್ಲ ಇದಕ್ಕೆ. ಯಾರಿಗಾದ್ರೂ ಹೇಳ್ಬಿಡಿ, ಅಂತ ಅನ್ಬೇಕಿತ್ತು. ನಾನೂ. ಎಲ್ರೂ.”

ಸಿಸ್ಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಬಾಗಿಲಿನ ಹತ್ತಿರ ಹೋಗಿ, ಕೂಟದ ಹೊತ್ತಿನಲ್ಲಿ ಎಂದೂ ತೆಗೆಯದ ಅಗಳಿಯನ್ನು ತೆಗೆದು, ಎರಡೂ ಕದಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಹಿಂದಿನಿಂದ ಕೊಂಯ್ ಎಂಬ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕುರ್ಚಿಯಲ್ಲಿ ಲೌಡ್‌ಸ್ಪೀಕರ್ ಕೂತಿದ್ದ.

“ನಾನೊಂದು ಹೇಳೋದಿದೆ ಸಿಸ್ಟರಮ್ಮ” ಎಂದ. “ಹೋಗ್ಬೇಡಿ. ಇಲ್ಲೇ ಇರಿ.”